ಉದಯಚಂದ್ರನ ಗಾತ್ರವೂ ಪ್ರತ್ಯಕ್ಷದ ಪ್ರಾಮಾಣ್ಯವೂ

ದಿವಾ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿರುವ ನಮ್ಮ ಸಮಾಜದ ಮನೆಗಳಲ್ಲಿ ಹುಣ್ಣಿಮೆಯಂದು ಹಿರಿಯರ ಬಾಯಿಂದ ಒಂದು ಮಾತು ಬರುವುದುಂಟು: "ನಮ್ಮ ಊರಿನಲ್ಲಿ ಚಂದ್ರ ಇಷ್ಟು ಚಿಕ್ಕವನಿರಲಿಲ್ಲ." ಮೊಮ್ಮಕ್ಕಳು ನಗುತ್ತಾರೆ. ಚಂದ್ರನೊಬ್ಬನೇ, ಊರಿಗೊಂದು ಅಳತೆಯುಂಟೇ ಎಂಬುದು ಅವರ ತರ್ಕ. ಇನ್ನೂ ಮುಂದುವರಿದು, ಕಣ್ಣೇ ಹೀಗೆ ವಂಚಿಸುವುದಾದರೆ ಪ್ರತ್ಯಕ್ಷವನ್ನು ಪ್ರಮಾಣವೆಂದು ಒಪ್ಪುವುದೆಂತು ಎಂದು ಆಕ್ಷೇಪಿಸುವವರೂ ಇದ್ದಾರೆ. ಮೊದಲನೆಯದು ಹಿರಿಯರ ಮಾತಿನ ಗೌರವಕ್ಕೆ, ಎರಡನೆಯದು ಸಿದ್ಧಾಂತದ ಬುಡಕ್ಕೇ ಸಂಬಂಧಿಸಿದ್ದು. ಆದುದರಿಂದ ವಿಷಯವು ವಿಚಾರಾರ್ಹವೆಂದು ನಾವು ಭಾವಿಸುತ್ತೇವೆ.

ಉದಯಕಾಲದಲ್ಲಿ ಚಂದ್ರಬಿಂಬವು ಹಿರಿದಾಗಿ ತೋರಿ, ಮೇಲೇರಿದಂತೆ ಕುಗ್ಗುವುದು ಸರ್ವಾನುಭವಸಿದ್ಧ. ಆದರೆ ಬಿಂಬದ ಕೋನಪ್ರಮಾಣ ಎರಡೂ ಕಡೆ ಸುಮಾರು ಅರ್ಧ ಅಂಶವೇ. ನಿಜಕ್ಕೂ ಕ್ಷಿತಿಜದಲ್ಲಿರುವಾಗ ಅವನು ನಮಗೆ ಭೂಮಿಯ ತ್ರಿಜ್ಯದಷ್ಟು, ಅಂದರೆ ಸುಮಾರು 6,400 ಕಿ.ಮೀ. ಹೆಚ್ಚು ದೂರದಲ್ಲಿರುತ್ತಾನೆ. ಸರಾಸರಿ ದೂರವಾದ 3,84,400 ಕಿ.ಮೀ.ಗೆ ಹೋಲಿಸಿದರೆ ಇದು ಅತ್ಯಲ್ಪ. ಆದರೂ ಬಿಂಬ ಕಿಂಚಿತ್ ಚಿಕ್ಕದೇ ಆಗಬೇಕು. ಗಾಳಿಯು ಭೂತಗನ್ನಡಿಯಂತೆ ಹಿಗ್ಗಿಸುತ್ತದೆಂಬ ಜನಪ್ರಿಯ ಸಮಾಧಾನವೂ ನಿಲ್ಲದು. ವಾತಾವರಣವು ಕ್ಷಿತಿಜದ ಬಿಂಬವನ್ನು ಮೇಲಿಂದ ಕೆಳಕ್ಕೆ ಕೊಂಚ ಚಪ್ಪಟೆಯಾಗಿಸುತ್ತದೆ, ಅಷ್ಟೇ.

ನಮ್ಮ ಪ್ರಾಚೀನ ಗಣಿತಜ್ಞರು ಇದನ್ನು ಗಮನಿಸಿದ್ದ ಬಗೆ ಸೋಜಿಗದ್ದು. ಸೂರ್ಯಸಿದ್ಧಾಂತದ ಚಂದ್ರಗ್ರಹಣಾಧಿಕಾರದಲ್ಲಿ, ಗ್ರಹಣದ ಚಿತ್ರ ಬರೆಯುವುದಕ್ಕಾಗಿ ಕಲೆಗಳನ್ನು ಅಂಗುಲಗಳಿಗೆ ತಿರುಗಿಸುವ ಕ್ರಮವಿದೆ. ಬಿಂಬ ಕ್ಷಿತಿಜದಲ್ಲಿದ್ದರೆ ಮೂರು ಕಲೆಗೆ ಒಂದಂಗುಲ, ನಡುಬಾನಿನಲ್ಲಿದ್ದರೆ ನಾಲ್ಕು ಕಲೆಗೆ ಒಂದಂಗುಲ. ಅಂದರೆ 32 ಕಲೆಗಳ ಬಿಂಬ ಮೇಲೆ 8 ಅಂಗುಲ, ಉದಯದಲ್ಲಿ ಹತ್ತೂವರೆಗೂ ಮಿಕ್ಕು. ಕಲೆಯೆಂಬ ಗಣಿತದ ಅಳತೆಯನ್ನು ಮುಟ್ಟಲಿಲ್ಲ. ತೋರಿಕೆಗೆ ಬೇರೆ ಅಂಗುಲವನ್ನೇ ಕೊಟ್ಟರು! ತೋರಿದ್ದನ್ನು ಅಲ್ಲಗಳೆಯದೆ, ಇರುವುದರೊಡನೆ ಬೆರೆಸದೆ ಬರೆದಿಟ್ಟ ಈ ಎಚ್ಚರವು ಇಂದಿನ ಪ್ರಯೋಗಶಾಲೆಗೂ ಭೂಷಣ. 1962ರಲ್ಲಿ ಅಮೆರಿಕದ ಕೌಫ್‌ಮನ್ ಮತ್ತು ರಾಕ್ ಎಂಬ ವಿಜ್ಞಾನಿಗಳು ಪ್ರಯೋಗದಿಂದ ಅಳೆದಾಗಲೂ ಉದಯಚಂದ್ರನ ತೋರಿಕೆಯ ಹೆಚ್ಚಳ ಮೂರರಲ್ಲೊಂದು ಪಾಲು, ಅರ್ಧಪಾಲುಗಳ ಆಸುಪಾಸಿನಲ್ಲೇ ಬಂದಿತು.

ಕಾರಣವೇನು? ಹೊಲ, ಮರ, ಮನೆಗಳು ನಡುವೆ ಹಾಸಿಕೊಂಡಿರುವುದರಿಂದ ಮನಸ್ಸು ಕ್ಷಿತಿಜವನ್ನು ಬಹುದೂರವೆಂದೂ, ಬರಿದಾದ ನೆತ್ತಿಯ ಆಕಾಶವನ್ನು ಸಮೀಪವೆಂದೂ ಎಣಿಸುತ್ತದೆ. ಅಷ್ಟು ದೂರದಲ್ಲಿದ್ದೂ ಇಷ್ಟು ಕಾಣುವುದಾದರೆ ವಸ್ತು ದೊಡ್ಡದೇ ಇರಬೇಕೆಂದು ನಿರ್ಣಯಿಸುತ್ತದೆ. ಹನ್ನೊಂದನೆಯ ಶತಮಾನದ ಅರಬ್ ಪಂಡಿತ ಇಬ್ನ್ ಅಲ್ ಹೈಥಮ್ ಈ ದಾರಿಯಲ್ಲೇ ಯೋಚಿಸಿದ್ದನು. ರೈಲ್ವೆಯವರಿಗೆ ಇದು ಹೊಸತಲ್ಲ. ಬ್ರಾಡ್‌ಗೇಜಿನ ಹಳಿಗಳ ನಡುವೆ ಎಲ್ಲೆಡೆಯೂ 1,676 ಮಿ.ಮೀ. ಅಂತರವಿದ್ದರೂ ದೂರದಲ್ಲಿ ಅವು ಕೂಡಿದಂತೆ ತೋರುತ್ತವೆ. ಹಾಗೆ ಕೂಡುವ ಎರಡು ಗೆರೆಗಳ ನಡುವೆ ಸಮಾನ ಉದ್ದದ ಎರಡು ಕಡ್ಡಿಗಳನ್ನು ಅಡ್ಡಲಾಗಿ ಬರೆದರೆ ದೂರದ್ದೇ ಉದ್ದವೆನಿಸುತ್ತದೆ. ಮೇಲೆ ಹೇಳಿದ ಪ್ರಯೋಗದಲ್ಲಿ ನಡುವಣ ನೆಲವನ್ನು ಮರೆಮಾಡಿದೊಡನೆ ಭ್ರಮೆಯೂ ಬಹುಮಟ್ಟಿಗೆ ಅಳಿಯಿತು. ಆದರೂ, ದೊಡ್ಡ ಚಂದ್ರ ಹತ್ತಿರವಿದ್ದಾನೆಂದೇ ಬಹುಮಂದಿ ಹೇಳುವುದರಿಂದ ವಿಜ್ಞಾನಿಗಳ ವಾದ ಇನ್ನೂ ಮುಗಿದಿಲ್ಲ.

ದಿವಾದಲ್ಲಿ ಕಟ್ಟಡಗಳನ್ನು ದಾಟಿ ಚಂದ್ರ ಕಿಟಕಿಗೆ ಬರುವ ಹೊತ್ತಿಗೆ ಅವನು ಸಾಕಷ್ಟು ಮೇಲೇರಿರುತ್ತಾನೆ. ಗದ್ದೆಬಯಲಿನ ಆಚೆ ಮೂಡುವವನನ್ನು ನೋಡಿ ಬೆಳೆದ ಅಜ್ಜನಿಗೆ ಇವನು ಚಿಕ್ಕವನೆನಿಸಿದರೆ ಅದು ನೆನಪಿನ ಉತ್ಪ್ರೇಕ್ಷೆಯಲ್ಲ.

ಇನ್ನು ಪ್ರಾಮಾಣ್ಯದ ಮಾತು. ಚಂದ್ರನು ಗೇಣಿನಷ್ಟು ಕಾಣುವುದೇ ಪ್ರತ್ಯಕ್ಷವು ಬಾಧಿತವಾಗಬಲ್ಲದೆಂಬುದಕ್ಕೆ ದೃಷ್ಟಾಂತವೆಂಬ ಪೂರ್ವಪಕ್ಷ ಹಳೆಯದು. ನ್ಯಾಯಾಮೃತದಲ್ಲಿ ಶ್ರೀವ್ಯಾಸರಾಜರು ಅದನ್ನು ಪರಿಶೀಲಿಸಿದ್ದಾರೆ. ಅತಿದೂರವೆಂಬ ದೋಷ ಅಲ್ಲಿದೆ. ದೋಷವುಳ್ಳ ಜ್ಞಾನ ಬಾಧಿತವಾದರೆ ನಿರ್ದುಷ್ಟವಾದದ್ದಕ್ಕೆ ಹಾನಿಯಿಲ್ಲವೆಂಬುದು ಸಿದ್ಧಾಂತದ ನಿಲುವು. ಟೀಕಾಕೃತ್ಪಾದರ ಪ್ರಮಾಣಪದ್ಧತಿಯೂ ಅತಿದೂರವನ್ನು ವಿಷಯದೋಷಗಳಲ್ಲಿ ಎಣಿಸುತ್ತದೆ. ಆದರೆ ಉದಯಚಂದ್ರನ ವಿಷಯದಲ್ಲಿ ಅಷ್ಟೇ ಸಾಲದು; ದೂರವು ನೆತ್ತಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ, ಕಣ್ಣಿನೊಳಗಿನ ಬಿಂಬವೂ ಅಷ್ಟೇ. ಉಳಿಯುವುದು ಮನಸ್ಸು. ಅಪಘಾತದ ವಿಚಾರಣೆಯಲ್ಲಿ ಚಾಲಕನನ್ನು "ಏನು ಕಂಡೆ" ಎಂದೊಮ್ಮೆ, "ಏನೆಂದು ತಿಳಿದೆ" ಎಂದೊಮ್ಮೆ ಬೇರೆಬೇರೆಯಾಗಿ ಕೇಳಬೇಕು. ಎರಡನ್ನು ಒಂದಾಗಿಸಿದರೆ ನಿರಪರಾಧಿಗೆ ಶಿಕ್ಷೆಯಾದೀತು. ಇಲ್ಲಿ ಕಣ್ಣಿಗೆ ಆಗುತ್ತಿರುವುದು ಅದೇ.

ಈ ಭ್ರಮೆಯನ್ನು ಹಿಡಿದುಕೊಡುವುದೂ ಕಣ್ಣೇ. ಚಾಚಿದ ಕೈಯಲ್ಲಿ ಒಂದು ಕಡಲೆಬೇಳೆ ಹಿಡಿದು ನೋಡಿದರೆ ಉದಯದ ಚಂದ್ರನೂ ನಡುರಾತ್ರಿಯ ಚಂದ್ರನೂ ಅದೇ ಬೇಳೆಯ ಹಿಂದೆ ಅಡಗುತ್ತಾರೆ. ಬಗ್ಗಿ ಕಾಲುಗಳ ನಡುವಿನಿಂದ ನೋಡಿದರೂ ಹೆಚ್ಚಳ ತಗ್ಗುವುದೆನ್ನುತ್ತಾರೆ. ಹಿರಿಯರಿಗೆ ನಾವು ಅದನ್ನು ವಿಧಿಸುವುದಿಲ್ಲ. ಬೇಳೆಯನ್ನು ಕೆಳಗಿಳಿಸಿದೊಡನೆ ಚಂದ್ರ ಮತ್ತೆ ದೊಡ್ಡವನೇ ಆಗುತ್ತಾನೆ. ತೋರಿಕೆ ಹೋಗದು, ಅದನ್ನು ನಂಬುವುದು ಮಾತ್ರ ನಿಲ್ಲುತ್ತದೆ. ಮಾರ್ಗಶಿರದ ಹುಣ್ಣಿಮೆಯ ಸಂಜೆ ಅಜ್ಜ ಮೊಮ್ಮಕ್ಕಳು ಕೂಡಿ, ದಿವಾ ನಿಲ್ದಾಣದ ಮೇಲುಸೇತುವೆಯಿಂದ ಡೊಂಬಿವಲಿಯ ಕಡೆಗೆ ನೋಡಬಹುದು.