ನೋಡಲು ಹೊರಟವರ ಋಣ

ಹಿಂದೆ ನಮ್ಮ ಕರಾವಳಿಯ ಜನ ಮನೆ ಬಿಟ್ಟು ದೂರ ಹೋಗುತ್ತಿದ್ದುದು ದುಡಿಮೆಗಾಗಿ, ಹಡಗಿನ ಕೆಲಸಕ್ಕಾಗಿ, ಇಲ್ಲವೇ ಹೊತ್ತ ಹರಕೆ ತೀರಿಸುವುದಕ್ಕಾಗಿ. ಸುಮ್ಮನೆ ನೋಡಿ ಬರಲೆಂದು ದೇಶಾಂತರ ಹೋಗುವುದು ನಮ್ಮ ಮಟ್ಟಿಗೆ ಹೊಸತು. ಅದರಲ್ಲಿ ತಪ್ಪೇನೂ ಇಲ್ಲ. ವರ್ಷವಿಡೀ ಬೇರೆ ಬೇರೆ ಗಡಿಯಾರಗಳ ಪ್ರಕಾರ ಬದುಕುವ ಕುಟುಂಬವೊಂದು ಹತ್ತು ದಿನ ಒಂದೇ ಕಾರಿನಲ್ಲಿ ಕುಳಿತು, ಒಂದೇ ಬುತ್ತಿಯನ್ನು ಹಂಚಿಕೊಂಡು ಉಣ್ಣುವುದು ಸಣ್ಣ ಭಾಗ್ಯವಲ್ಲ. ಓದುಗರೇ, ಹಬ್ಬುವಾಡದಂತಹ ಬಡಾವಣೆಯಲ್ಲಿ ಅಂಥ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಮಗ ಕೊಲ್ಲಿ ದೇಶದಲ್ಲಿದ್ದಾನೆ, ಮಗಳು ಬೆಂಗಳೂರಿನಲ್ಲಿ. ಬರುವ ಬೇಸಗೆಯಲ್ಲಿ ಎಲ್ಲರೂ ಜೂರಿಚ್‌ನಲ್ಲಿ ಕೂಡಿ, ಕಾರೊಂದನ್ನು ಬಾಡಿಗೆಗೆ ಪಡೆದು, ಯುರೋಪಿನ ಸರೋವರಗಳನ್ನೂ ಪರ್ವತಗಳನ್ನೂ ನೋಡಿ ಬರುವುದೆಂದು ನಿಶ್ಚಯವಾಗಿದೆ. ಊಟದ ಮೇಜಿನ ಮೇಲೆ ನಕಾಶೆ ಹರಡಿಕೊಂಡಿದೆ.

ಯೋಜನೆ ಬಲು ಅಚ್ಚುಕಟ್ಟಾಗಿದೆ. ಲುಸರ್ನ್, ಇಂಟರ್‌ಲಾಕೆನ್, ಅಲ್ಲಿಂದ ದಕ್ಷಿಣಕ್ಕೆ ಕೋಮೋ ಸರೋವರ, ಮತ್ತೆ ಉತ್ತರಕ್ಕೆ ತಿರುಗಿ ರೆಸಿಯಾ ಸರೋವರ, ದೊಲೊಮೈಟ್ ಪರ್ವತಗಳು, ಕಡೆಗೆ ಆಸ್ಟ್ರಿಯಾದ ಹಾಲ್‌ಸ್ಟಾಟ್. ಷೆಂಗೆನ್ ವೀಸಾಕ್ಕೆ ಹಿರಿಯರೊಬ್ಬರಿಗೆ 90 ಯೂರೋ. ತಂದೆಯೂ ಒಂದಷ್ಟು ದೂರ ಕಾರು ನಡೆಸುವುದಾದರೆ ಕಾರವಾರದ ಸಾರಿಗೆ ಕಚೇರಿಯಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಸ್ವಿಸ್ ಹೆದ್ದಾರಿಯಲ್ಲಿ ಒಂದೇ ದಿನ ಓಡಿದರೂ ವರ್ಷದ ಶುಲ್ಕವಾದ 40 ಫ್ರಾಂಕ್ ತೆರಬೇಕು. ರಸ್ತೆಯ ಬಲಬದಿಯಲ್ಲಿ ನಡೆಸುವುದು ಅಭ್ಯಾಸವಾಗಬೇಕು. ಎಷ್ಟು ಕಿಲೋಮೀಟರು, ಎಷ್ಟು ಗಂಟೆ, ಎಷ್ಟು ಹಣ ಎಂಬ ಮೂರು ಸಾಲುಗಳು ಕಾಗದದ ಮೇಲೆ ತುಂಬಿವೆ. ಆ ಊರುಗಳಲ್ಲಿ ಯಾರಿದ್ದಾರೆ, ಯಾರಿದ್ದರು ಎಂಬುದಕ್ಕೆ ಮಾತ್ರ ಅಲ್ಲಿ ಸ್ಥಳವಿಲ್ಲ. ಇದು ಆ ಮನೆಯವರ ಹೃದಯಹೀನತೆಯಲ್ಲ. ನೋಟವೆಂಬುದು ಹಣ ಕೊಟ್ಟವರಿಗೆ ಸಲ್ಲುವ ವಸ್ತು ಎಂಬ ಎಣಿಕೆ ಇಂದು ಎಲ್ಲರಲ್ಲೂ ಬೇರೂರಿದೆ. ಆ ಎಣಿಕೆ ಸರಿಯೇ ಎಂಬುದನ್ನು ತುಸು ವಿಚಾರಿಸೋಣ.

ಇಟಲಿಯ ಉತ್ತರದ ಗಡಿಯಲ್ಲಿರುವ ರೆಸಿಯಾ ಸರೋವರದ ಚಿತ್ರವನ್ನು ನೀವು ಕ್ಯಾಲೆಂಡರುಗಳಲ್ಲಿ ನೋಡಿರಬಹುದು. ನೀಲಿ ನೀರಿನ ನಡುವೆ ಒಂಟಿಯಾಗಿ ನಿಂತ ದೇವಾಲಯದ ಗಂಟೆಗೋಪುರ, ಹಿಂದೆ ಹಿಮದ ಬೆಟ್ಟಗಳು. ಚಿತ್ರ ತೆಗೆಯಲು ಇದಕ್ಕಿಂತ ಸೊಗಸಾದ ಸ್ಥಳ ಆಲ್ಪ್ಸ್‌ನಲ್ಲಿ ವಿರಳ. ಆ ಗೋಪುರ 14ನೇ ಶತಮಾನದ್ದು. ಅದರ ಬುಡದಲ್ಲಿ ಗ್ರಾವ್ನ್ ಎಂಬ ಹಳ್ಳಿಯಿತ್ತು. ಎರಡನೇ ಮಹಾಯುದ್ಧದ ನಂತರ ವಿದ್ಯುತ್ ಕಂಪನಿಯೊಂದು ಅಣೆಕಟ್ಟೆ ಕಟ್ಟಿ ಅಲ್ಲಿದ್ದ ಸಹಜ ಸರೋವರಗಳ ನೀರಿನ ಮಟ್ಟವನ್ನು 22 ಮೀಟರು ಏರಿಸಿತು. ಧರ್ಮಗುರು ಆಲ್ಫ್ರೆಡ್ ರೀಪರ್ ರೋಮಿನವರೆಗೆ ಹೋಗಿ ಪೋಪ್ ಹನ್ನೆರಡನೇ ಪಿಯುಸರಲ್ಲಿ ಜನರ ಅಳಲನ್ನು ತೋಡಿಕೊಂಡರೂ ಫಲವಾಗಲಿಲ್ಲ. 1950ರ ಬೇಸಗೆಯಲ್ಲಿ ಗಂಟೆಗಳನ್ನು ಕೆಳಗಿಳಿಸಿದರು. ಮನೆಗಳನ್ನೂ ದೇವಾಲಯವನ್ನೂ ಕೆಡವಿದರು. 163 ಮನೆಗಳು ಹೋದವು. ಪ್ರಾಚೀನವೆಂಬ ಕಾರಣಕ್ಕೆ ಗೋಪುರವೊಂದನ್ನು ಉಳಿಸಿದರು. ಚಳಿಗಾಲದ ರಾತ್ರಿಗಳಲ್ಲಿ ಗಂಟೆಯ ನಾದ ಕೇಳಿಸುತ್ತದೆಂದು ಇಂದಿಗೂ ಅಲ್ಲಿ ಹೇಳುತ್ತಾರಂತೆ. ಇಲ್ಲದ ಗಂಟೆ ಬಾರಿಸುತ್ತದೆಂದು ಜನ ಯಾಕೆ ಹೇಳುತ್ತಾರೆಂಬುದು ಊರು ಕಳೆದುಕೊಂಡವರಿಗೆ ಮಾತ್ರ ತಿಳಿದೀತು.

ಇಂಥದನ್ನು ನೋಡಲು ನಾವು ಏಳು ಸಾವಿರ ಕಿಲೋಮೀಟರು ಹೋಗಬೇಕಿಲ್ಲ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಗೆಗೆ ಏಳುತ್ತದೆ. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಅಲ್ಲಿಗೆ ಹೋಗುವ ಜೋಡಿಗಳು ಬಹಳ. ಆ ಪೀಠದ ಮುಂದೆ ನಿಜವಾಗಿ ಮದುವೆಯಾದವರು ಎಲ್ಲಿಗೆ ಹೋದರೆಂದು ಕೇಳಿದವರು ಎಷ್ಟು ಮಂದಿ? ಇನ್ನು ನಮ್ಮ ಕಾಳಿ ನದಿಯನ್ನೇ ನೋಡಿ. ಜೊಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರು ಹರಿದು, ಸದಾಶಿವಗಡದ ಬುಡದಲ್ಲಿ ಕಡಲು ಸೇರುವ ಈ ನದಿಗೆ ಸುಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಹಂತಹಂತವಾಗಿ ಅಣೆಕಟ್ಟೆಗಳಿವೆ. ಕಾಳಿ ಮತ್ತು ಪಾಂಡ್ರಿ ನದಿಗಳ ಸಂಗಮದಲ್ಲಿದ್ದ ಸುಪಾ ಒಂದು ಕಾಲಕ್ಕೆ ತಾಲೂಕಿನ ಮುಖ್ಯ ಪಟ್ಟಣ. 1980ರ ದಶಕದಲ್ಲಿ 101 ಮೀಟರು ಎತ್ತರದ ಅಣೆಕಟ್ಟೆ ಪೂರ್ಣಗೊಂಡಾಗ ಪೇಟೆ, ಗದ್ದೆ, ಗುಡಿ ಎಲ್ಲವೂ ನೀರಿನಡಿ ಹೋದವು. ತಾಲೂಕು ಕಚೇರಿ ಜೊಯಿಡಾಕ್ಕೆ ಹೋಯಿತು. ಜನರು ರಾಮನಗರಕ್ಕೆ ಹೋದರು. ಇಂದು ಗಣೇಶಗುಡಿಯಲ್ಲಿ ದೋಣಿವಿಹಾರಕ್ಕೆ ಬರುವವರಿಗೆ ಹಿನ್ನೀರು ಎಂಬುದು ಬರಿಯ ಹಿನ್ನೀರು. ಹಬ್ಬುವಾಡದ ಮನೆಯಲ್ಲಿ ನಕಾಶೆಯ ಮೇಲೆ ಬಿದ್ದ ದೀಪದ ಬೆಳಕಿಗೂ ಆ ನೀರಿಗೂ ಸಂಬಂಧವಿದೆ.

ಇಲ್ಲಿ ನೀವು ನನ್ನನ್ನು ತಡೆದು ಕೇಳಬಹುದು: ಹಾಗಾದರೆ ಯಾವ ನೆಲ ನೋವಿಲ್ಲದ್ದು? ಹೀಗೆ ಅಗೆಯುತ್ತ ಹೋದರೆ ಯಾರೂ ಎಲ್ಲಿಗೂ ಹೋಗುವಂತಿಲ್ಲ, ಯಾವ ಚೆಲುವನ್ನೂ ಮೆಚ್ಚುವಂತಿಲ್ಲ. ಆಕ್ಷೇಪ ನ್ಯಾಯವಾದದ್ದು. ಸರೋವರ ಸುಂದರವಾಗಿದ್ದರೆ ಅದು ಸರೋವರದ ತಪ್ಪಲ್ಲ, ನೋಡುವವನ ತಪ್ಪೂ ಅಲ್ಲ. ದಂಡೆಯ ಮೇಲೆ ನಿಂತು ಹತ್ತು ನಿಮಿಷ ಮರುಗಿ, ಮರುಗಿದೆನೆಂಬ ತೃಪ್ತಿಯಿಂದ ಕಾರು ಹತ್ತುವವನು ಇನ್ನೊಂದು ಬಗೆಯ ನೆನಪಿನ ಕಾಣಿಕೆಯನ್ನು ಕೊಂಡುಕೊಂಡಂತೆ ಅಷ್ಟೆ. ಮುಳುಗಿದ ಮನೆಯವನಿಗೆ ಅದರಿಂದ ಒಂದು ಹೆಂಚೂ ಮರಳಿ ಬಾರದು. ನಾನು ಬೇಡುವುದು ಮರುಕವನ್ನಲ್ಲ. ಸಂತೆಯಲ್ಲಿ ಕೊಂಡ ವಸ್ತುವಿನೊಡನೆ ನಮ್ಮ ವ್ಯವಹಾರ ಹಣ ಎಣಿಸಿಕೊಟ್ಟಲ್ಲಿಗೆ ಮುಗಿಯುತ್ತದೆ. ಇನ್ನೊಬ್ಬರ ಅಂಗಳದಲ್ಲಿ ಕುಳಿತು ಉಂಡ ಮೇಲೆ ಹಾಗೆ ಮುಗಿಯುವುದಿಲ್ಲ. ಪ್ರವಾಸಿಯು ಗಿರಾಕಿಯೋ ಅತಿಥಿಯೋ ಎಂಬುದೇ ಇಲ್ಲಿನ ಪ್ರಶ್ನೆ.

ಹಾಲ್‌ಸ್ಟಾಟಿನ ಜನ ಈ ಪ್ರಶ್ನೆಯನ್ನು ಹಲಗೆಗಳಿಂದ ಕೇಳಿದರು. ಎಂಟುನೂರು ಜನರೂ ಇಲ್ಲದ ಆ ಸರೋವರತೀರದ ಹಳ್ಳಿಗೆ ಬೇಸಗೆಯ ಕೆಲವು ದಿನಗಳಲ್ಲಿ ಹತ್ತು ಸಾವಿರ ಪ್ರವಾಸಿಗರು ಬರುತ್ತಾರೆ. 2023ರ ಮೇ ತಿಂಗಳಲ್ಲಿ, ಎಲ್ಲರೂ ನಿಂತು ಚಿತ್ರ ತೆಗೆದುಕೊಳ್ಳುವ ಜಾಗಕ್ಕೇ ಮರದ ಅಡ್ಡಗೋಡೆ ನಿಲ್ಲಿಸಿ ಸರೋವರದ ನೋಟವನ್ನು ಮರೆಮಾಡಿದರು. ಕೆಲವೇ ದಿನಗಳಲ್ಲಿ ಅದನ್ನು ತೆಗೆದರೆನ್ನಿ. ಪ್ರವಾಸಿಗರಿಲ್ಲದೆ ಆ ಊರಿನ ಒಲೆಯೂ ಹೊತ್ತುವುದಿಲ್ಲ. ಅನ್ನ ಕೊಡುವವನೇ ನಿದ್ದೆ ಕೆಡಿಸುವವನೂ ಆದಾಗ ಮನುಷ್ಯ ಏನು ಮಾಡಬೇಕು? ಗೋಕರ್ಣದ ಕಡಲತೀರದವರು, ಹೆದ್ದಾರಿಯ ಬದಿಯಲ್ಲಿ ಅಂಗಡಿ ಇಟ್ಟುಕೊಂಡವರು ಈ ಇಕ್ಕಟ್ಟನ್ನು ಬಲ್ಲರು. ಎಲ್ಲ ಪ್ರವಾಸಿಗರೂ ಒಂದೇ ತೆರನೆಂದು ಹೇಳುವಂತಿಲ್ಲ. 1883ರಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಜತೆಗಿರಲು ಕಾರವಾರಕ್ಕೆ ಬಂದ ತರುಣ ರವೀಂದ್ರನಾಥ ಠಾಕೂರರು ಇಲ್ಲಿ ತಂಗಿ, ಕಾಳಿ ನದಿಯಲ್ಲಿ ದೋಣಿಯೇರಿ ತಿರುಗಿ, ಒಂದು ನಾಟಕವನ್ನೇ ಬರೆದರು. ನಮ್ಮ ಕಡಲತೀರ ಇಂದು ಅವರ ಹೆಸರಿನಲ್ಲಿದೆ. ಅವರು ಹತ್ತು ದಿನಗಳಲ್ಲಿ ಆರು ಊರು ನೋಡಿ ಮುಗಿಸುವ ಅವಸರದಲ್ಲಿ ಬಂದವರಲ್ಲ.

ಸರೋವರಗಳ ಮಾತು ಇಷ್ಟಾಯಿತು. ಪರ್ವತದ ಮಾತು ಇದಕ್ಕಿಂತ ಕಠಿಣ. ದೊಲೊಮೈಟ್‌ನ ಕೊರ್ತಿನಾದಿಂದ ವೆನಿಸ್ ಕಡೆಗೆ ಇಳಿಯುವ ದಾರಿಯಲ್ಲಿ ಲೊಂಗರೋನೆ ಎಂಬ ಪಟ್ಟಣವಿದೆ. ಅದರ ಎದುರಿನ ಕಮರಿಯಲ್ಲಿ 260 ಮೀಟರಿಗೂ ಎತ್ತರದ ವಯೋಂತ್ ಅಣೆಕಟ್ಟೆ ಇಂದಿಗೂ ನಿಂತಿದೆ, ಹಿಂದೆ ನೀರಿಲ್ಲದೆ. 1963ರ ಅಕ್ಟೋಬರ್ 9ರ ರಾತ್ರಿ ಜಲಾಶಯದ ಮಗ್ಗುಲಿನ ತೋಕ್ ಬೆಟ್ಟ ಒಮ್ಮೆಲೇ ಜಾರಿ ನೀರಿಗೆ ಬಿತ್ತು. ಕಟ್ಟೆ ಒಡೆಯಲಿಲ್ಲ, ನೀರು ಅದರ ತಲೆಯ ಮೇಲಿಂದ ಹಾರಿ ಕೆಳಗಿನ ಪಟ್ಟಣವನ್ನು ಅಳಿಸಿಹಾಕಿತು. ಸತ್ತವರು ಸುಮಾರು ಎರಡು ಸಾವಿರ. ಬೆಟ್ಟ ಸರಿಯುತ್ತಿದೆಯೆಂದು ಹಳ್ಳಿಗರು ಮೊದಲೇ ಕೂಗಿದ್ದರು. ಅವರ ಮಾತನ್ನು ಪತ್ರಿಕೆಯಲ್ಲಿ ಬರೆದ ತೀನಾ ಮೆರ್ಲಿನ್ ಎಂಬ ಮಹಿಳೆಯ ಮೇಲೆ, ಸುಳ್ಳು ಸುದ್ದಿ ಹಬ್ಬಿಸಿ ಜನರನ್ನು ಬೆದರಿಸಿದಳೆಂದು ಮೊಕದ್ದಮೆ ಹೂಡಲಾಗಿತ್ತು. 1960ರಲ್ಲಿ ನ್ಯಾಯಾಲಯ ಆಕೆಯನ್ನು ನಿರ್ದೋಷಿಯೆಂದಿತು. ಬೆಟ್ಟವನ್ನು ಮಾತ್ರ ಯಾರೂ ವಿಚಾರಿಸಲಿಲ್ಲ.

ಇದನ್ನು ಓದುವಾಗ ನಮ್ಮ ಜಿಲ್ಲೆಯವರಿಗೆ ಮೈ ಜುಮ್ಮೆನ್ನದೆ ಇರದು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮಗ್ಗುಲಿನ ಗುಡ್ಡ ಕುಸಿಯಿತು. ಚಹದಂಗಡಿಯನ್ನೂ, ಅಲ್ಲಿ ನಿಂತವರನ್ನೂ, ಲಾರಿಗಳನ್ನೂ ಗಂಗಾವಳಿಗೆ ನೂಕಿತು. ಮಣ್ಣು ಬಿದ್ದ ರಭಸಕ್ಕೆ ನೀರು ಎದ್ದು ಎದುರುದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ವಯೋಂತ್‌ನ ಸಣ್ಣ ಪ್ರತಿರೂಪವೇ ಅದು. ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಲಾರಿ ಚಾಲಕನೊಬ್ಬನ ದೇಹ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಅಂದು ಮಳೆ ವಿಪರೀತವಾಗಿತ್ತು ನಿಜ. ಆದರೆ ಚತುಷ್ಪಥಕ್ಕಾಗಿ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದದ್ದೂ ಅಷ್ಟೇ ನಿಜ. ಯಾರಿಗಾಗಿ ಕಡಿದದ್ದು? ನಮಗಾಗಿ. ಗೋವಾದ ವಿಮಾನ ನಿಲ್ದಾಣಕ್ಕೂ ಮಂಗಳೂರಿಗೂ ಒಂದು ಗಂಟೆ ಮೊದಲು ತಲುಪಬೇಕೆಂದವರು ನಾವು. ವೇಗವನ್ನು ಬಯಸಿದವನು ಒಬ್ಬ, ಅದರ ಬೆಲೆ ತೆತ್ತವನು ದಾರಿಬದಿಯಲ್ಲಿ ಚಹ ಕಾಯಿಸುತ್ತಿದ್ದ ಇನ್ನೊಬ್ಬ.

ಅದೇ ಆಲ್ಪ್ಸ್‌ನಲ್ಲಿ ಇನ್ನೊಂದು ಉದಾಹರಣೆಯೂ ಇದೆ. ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತದ ಬ್ಲಾಟೆನ್ ಎಂಬ ಹಳ್ಳಿಯ ಮೇಲಿನ ಬೆಟ್ಟ ಬಿರುಕು ಬಿಡುತ್ತಿರುವುದನ್ನು ಕಂಡು 2025ರ ಮೇ 19ರ ಹೊತ್ತಿಗೆ ಸುಮಾರು 300 ಜನರನ್ನು ಅಲ್ಲಿಂದ ಹೊರಡಿಸಿದರು. ದನಕರುಗಳನ್ನೂ ಬಿಡಲಿಲ್ಲ, ನಡೆಯಲಾರದ ಒಂದು ಹಸುವನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಿದರು. ಒಂಬತ್ತು ದಿನಗಳ ನಂತರ, ಮೇ 28ರಂದು, ಹಿಮನದಿ ಬಂಡೆಗಳ ಸಮೇತ ಕುಸಿದು ಹಳ್ಳಿಯ ಬಹುಭಾಗವನ್ನು ಹೂತುಹಾಕಿತು. ಜೀವ ಕಳೆದುಕೊಂಡವರು ಒಬ್ಬರು. ಅವರು ಶ್ರೀಮಂತರು, ಅವರಿಗೆ ಸಾಧ್ಯ ಎಂದು ನಾವು ಹೇಳಿಬಿಡಬಹುದು. ಹಣದ ಪಾತ್ರವನ್ನು ನಾನೂ ಅಲ್ಲಗಳೆಯಲಾರೆ. ಆದರೆ ಇಟಲಿಯೂ 1963ರಲ್ಲಿ ಬಡದೇಶವಾಗಿರಲಿಲ್ಲ. ಲೊಂಗರೋನೆಗೂ ಬ್ಲಾಟೆನ್‌ಗೂ ನಡುವೆ ಬದಲಾದದ್ದು ಹೆಚ್ಚಾಗಿ ಇದು: ಬೆಟ್ಟದ ಕೆಳಗಿನ ಮನುಷ್ಯನ ಮಾತಿಗೆ ಕಿವಿಗೊಡಬೇಕೆಂಬ ತಿಳಿವಳಿಕೆ. ನಮ್ಮ ಹಬ್ಬುವಾಡದ ಕುಟುಂಬ ಆ ಪರ್ವತಗಳಿಂದ ಚಾಕಲೇಟಿನ ಜತೆಗೆ ಒಂದು ಪ್ರಶ್ನೆಯನ್ನು ಹೊತ್ತುಕೊಂಡು ಬಂದು, ಮುಂದಿನ ಮಳೆಗಾಲದ ಮೊದಲು ಇಲ್ಲಿನ ಜನಪ್ರತಿನಿಧಿಗಳ ಮುಂದೆ ಇಟ್ಟರೆ ಆ ಪ್ರವಾಸದ ಖರ್ಚು ದುಬಾರಿಯೆಂದು ನಾನು ಹೇಳಲಾರೆ.

ಪ್ರಯಾಣದ ನಡವಳಿಕೆಯ ಬಗ್ಗೆಯೂ ಒಂದು ಮಾತು. ಸ್ವಿಸ್ ಬೆಟ್ಟದಾರಿಗಳಲ್ಲಿ ಅಲ್ಲಲ್ಲಿ ನೀಲಿ ಫಲಕದ ಮೇಲೆ ಹಳದಿ ತುತ್ತೂರಿಯ ಚಿಹ್ನೆ ಕಾಣಿಸುತ್ತದೆ. ಇದು ಅಂಚೆ ಬಸ್ಸಿನ ದಾರಿ ಎಂದು ಅದರ ಅರ್ಥ. ಇಕ್ಕಟ್ಟಿನ ತಿರುವಿನಲ್ಲಿ ಹಳದಿ ಬಸ್ಸು ಎದುರಾದರೆ ಎಷ್ಟೇ ದೊಡ್ಡ ಕಾರಿನವನಾದರೂ ಅದಕ್ಕೆ ದಾರಿ ಬಿಡಬೇಕು. ಬಸ್ಸಿನ ಚಾಲಕ ಹಿಂದೆ ಸರಿಯಿರಿ ಎಂದರೆ ಸರಿಯಬೇಕು. ಆ ಬಸ್ಸಿನಲ್ಲಿ ಶಾಲೆಯಿಂದ ಬರುವ ಮಕ್ಕಳಿರುತ್ತಾರೆ, ಔಷಧಿ ತಂದ ಮುದುಕಿಯಿರುತ್ತಾಳೆ. ದಾರಿ ಮೊದಲು ಅವರದು, ಆಮೇಲೆ ನೋಡಲು ಬಂದವರದು. ನಮ್ಮ ಕೈಗಾ ರಸ್ತೆಯಲ್ಲೋ ಅರಬೈಲು ಘಟ್ಟದಲ್ಲೋ ಇಂಥ ಫಲಕವಿದ್ದಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಯೋಜನೆಯಲ್ಲಿ ಆರು ಊರುಗಳ ಬದಲು ಮೂರಿದ್ದು, ಒಂದೊಂದರಲ್ಲಿ ಎರಡು ಮೂರು ರಾತ್ರಿ ತಂಗಿ, ಅಲ್ಲಿನ ಅಂಗಡಿಯಲ್ಲೇ ರೊಟ್ಟಿ ಕೊಂಡು, ಮನೆಯೊಡತಿಯ ಹೆಸರು ಕೇಳಿ ತಿಳಿದುಕೊಳ್ಳುವಷ್ಟು ಬಿಡುವಿದ್ದರೆ ಮಕ್ಕಳಿಗೂ ವಾಂತಿ ಕಡಿಮೆ.

ಆಲ್ಪ್ಸ್ ದಾಟಿದವರೆಲ್ಲರಲ್ಲಿ ಹೆಸರಾದವನು ನೆಪೋಲಿಯನ್. 1800ರ ಮೇ ತಿಂಗಳಲ್ಲಿ ಅವನು ಸೈನ್ಯದೊಡನೆ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆಮಾರ್ಗವನ್ನು ಹತ್ತಿದ. 2,469 ಮೀಟರು ಎತ್ತರದಲ್ಲಿ, 11ನೇ ಶತಮಾನದಿಂದಲೂ ದಾರಿಹೋಕರಿಗೆ ಬಾಗಿಲು ತೆರೆದಿಟ್ಟುಕೊಂಡಿರುವ ಸನ್ಯಾಸಿಗಳ ಛತ್ರ ಅವನ ಸೈನಿಕರಿಗೂ ಅನ್ನ ನೀಡಿತು. ಕೆಳಗಿನ ಬೂರ್ಗ್-ಸೇಂಟ್-ಪಿಯೇರ್ ಹಳ್ಳಿಯವರು ಫಿರಂಗಿಗಳನ್ನು ಎಳೆದರು, ಮರಗಳನ್ನು ಕಳೆದುಕೊಂಡರು, ಪಾತ್ರೆಗಳನ್ನು ಕೊಟ್ಟರು. ಎಲ್ಲಕ್ಕೂ ಹಣ ತೆರುವೆನೆಂದು ಅವನು ಬರೆದುಕೊಟ್ಟ. ಆ ಹಣ ಪೂರ್ತಿಯಾಗಿ ಬರಲೇ ಇಲ್ಲ. ಹಳ್ಳಿ ತಲೆಮಾರುಗಳ ಕಾಲ ಆ ಲೆಕ್ಕವನ್ನು ಮರೆಯದೆ ಕೇಳುತ್ತಲೇ ಇತ್ತು. 1984ರಲ್ಲಿ ಫ್ರಾನ್ಸಿನ ಅಧ್ಯಕ್ಷ ಮಿತ್ತರಾಂ ನೆನಪಿನ ಕಾಣಿಕೆಯೊಂದನ್ನು ನೀಡಿದಾಗ ಆ ಋಣ ಸಾಂಕೇತಿಕವಾಗಿ ತೀರಿತು.

ಅದಾದ ಎರಡು ವರ್ಷಕ್ಕೆ, 1986ರ ಅಕ್ಟೋಬರಿನಲ್ಲಿ, ನಮ್ಮಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲಾ ತಾಲೂಕುಗಳ ಕಡಲಂಚಿನ ಹಳ್ಳಿಗಳಿಂದ ಸಾವಿರಾರು ಕುಟುಂಬಗಳು ಎದ್ದು ಹೋದವು. ಹೆಚ್ಚುವರಿ ಪರಿಹಾರಕ್ಕಾಗಿ ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿಳಿದವು. ಬೇಲಿಯ ಆಚೆಗಿನ ಆ ಗುಡ್ಡಗಳೂ ಕೊಲ್ಲಿಗಳೂ ಹೆದ್ದಾರಿಯಿಂದ ಇಂದಿಗೂ ಬಲು ಚೆನ್ನಾಗಿ ಕಾಣುತ್ತವೆ. ನಕಾಶೆ ಹರಡಿರುವ ಇಂಥ ಮನೆಗಳಲ್ಲಿ ಒಬ್ಬ ಅಜ್ಜಿ ಇರುತ್ತಾರೆ. ಮಂಡಿನೋವಿನಿಂದಾಗಿ ಅವರು ಯುರೋಪಿಗೆ ಹೊರಟವರಲ್ಲ. ಭೂಸ್ವಾಧೀನದ ನೋಟೀಸು, ಪಹಣಿಯ ಪ್ರತಿ, ಕೋರ್ಟಿನ ಕಾಗದ ಅವರ ಟ್ರಂಕಿನ ತಳದಲ್ಲಿ, ಹಳೆಯ ಸೀರೆಯೊಂದರ ಮಡಿಕೆಯಲ್ಲಿವೆ. ಅವನ್ನು ತೋರಿಸಿ ಎಂದು ಮೊಮ್ಮಕ್ಕಳು ಇದುವರೆಗೆ ಕೇಳಿಲ್ಲ.