ಅಧಿಕಾರಿ ಯಾರು?

ಜೂನ್ ತಿಂಗಳು ಬಂದಿತೆಂದರೆ ನಮ್ಮ ಮೈಸೂರಿನ ವಿದ್ಯಾವಂತ ಕುಟುಂಬಗಳಲ್ಲಿ ಒಂದು ಬಗೆಯ ಜ್ವರ ಕಾಣಿಸಿಕೊಳ್ಳುತ್ತದೆ. ಪಿ.ಯು.ಸಿ. ಮುಗಿಸಿದ ಮಗನೋ ಮಗಳೋ ಮುಂದೆ ಯಾವ ಕಾಲೇಜಿಗೆ ಸೇರಬೇಕೆಂಬ ಪ್ರಶ್ನೆಯೇ ಅದಕ್ಕೆ ಕಾರಣ. ಇಂತಹ ಒಂದು ಸಂಜೆ ನನ್ನ ಹಳೆಯ ಶಿಷ್ಯರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಬೆಂಗಳೂರಿನ ದೊಡ್ಡ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಹುಡುಗಿಗೆ ಸೀಟು ದೊರೆತಿತ್ತು. ಆಕೆಯ ಮನಸ್ಸಾದರೋ ಇತಿಹಾಸ, ಸಂಸ್ಕೃತ, ತತ್ತ್ವಶಾಸ್ತ್ರಗಳನ್ನು ಓದುವುದರಲ್ಲಿತ್ತು. ಅದಕ್ಕೆಂದು ಆಕೆ ಆರಿಸಿಕೊಂಡಿದ್ದುದು ತರಗತಿಗೆ ಇಪ್ಪತ್ತು ಮೂವತ್ತು ಮಂದಿಗೆ ಮೀರದ, ಹೆಸರು ಹೇಳಿದರೆ ಯಾರೂ ಹುಬ್ಬೇರಿಸದ ಒಂದು ಸಣ್ಣ ಕಲಾ ಕಾಲೇಜು.

“ಮೇಷ್ಟ್ರೆ, ನೀವಾದರೂ ಇವಳಿಗೆ ಬುದ್ಧಿ ಹೇಳಿ” ಎಂದರು ತಂದೆ. ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು.

ಬುದ್ಧಿ ಹೇಳುವುದು ಒಂದು ಕಾಲದಲ್ಲಿ ನನಗೆ ಬಹು ಸುಲಭವಾಗಿತ್ತು. ಸುಮಾರು ಮೂವತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಹೊತ್ತು ಬಂದ ಮತ್ತೊಬ್ಬ ತಂದೆಗೆ, ಒಂದು ನಿಮಿಷವೂ ಯೋಚಿಸದೆ, “ವಿಜ್ಞಾನಕ್ಕೇ ಸೇರಿಸಿ, ಸಾಹಿತ್ಯವನ್ನು ಮನೆಯಲ್ಲಿ ಓದಿಕೊಳ್ಳಬಹುದು” ಎಂದುಬಿಟ್ಟಿದ್ದೆ. ಕಾವ್ಯವೆಂದರೆ ಊಟ ಮರೆಯುತ್ತಿದ್ದ ಹುಡುಗ ಅವನು. ಹಿರಿಯರ ಮಾತಿಗೆ ತಲೆಬಾಗಿ ಸೇರಿದ. ಎರಡನೆಯ ವರ್ಷದಲ್ಲಿ ಓದನ್ನೇ ಬಿಟ್ಟ. ಮನೆಯಲ್ಲಿ ಸಾಹಿತ್ಯವನ್ನು ಓದುವ ಮನಸ್ಸೂ ಅವನಿಗೆ ಉಳಿಯಲಿಲ್ಲ. ಇಂದಿಗೂ ದಾರಿಯಲ್ಲಿ ಕಂಡರೆ ನಿಂತು ನಮಸ್ಕರಿಸುತ್ತಾನೆ. ಆ ನಮಸ್ಕಾರವನ್ನು ಸ್ವೀಕರಿಸಲು ನನಗೆ ನಾಚಿಕೆಯಾಗುತ್ತದೆ. ಆದಕಾರಣ ಈ ಸಲ ನಾಲ್ಕು ದಿನಗಳ ಅವಕಾಶ ಬೇಡಿದೆ. ಆ ದಿನಗಳಲ್ಲಿ ನನಗೆ ತೋರಿದುದನ್ನು ವಾಚಕರ ಮುಂದಿಡುತ್ತೇನೆ. ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಇದ್ದೀತು.

ಪಾಠಶಾಲೆಯಲ್ಲಿ ಓದಿದವರಿಗೆ ಅನುಬಂಧ ಚತುಷ್ಟಯವೆಂಬ ಮಾತು ಪರಿಚಿತವಾದದ್ದು. ಶಾಸ್ತ್ರವೊಂದನ್ನು ಆರಂಭಿಸುವ ಮೊದಲು ನಾಲ್ಕು ಸಂಗತಿಗಳನ್ನು ನಿಶ್ಚಯಿಸಿಕೊಳ್ಳಬೇಕೆಂದು ಪೂರ್ವಿಕರು ನಿಯಮ ಮಾಡಿದ್ದರು. ಇದಕ್ಕೆ ಅಧಿಕಾರಿ ಯಾರು, ಇದರ ವಿಷಯವೇನು, ಸಂಬಂಧವೇನು, ಪ್ರಯೋಜನವೇನು ಎಂಬವೇ ಆ ನಾಲ್ಕು. ಸದಾನಂದನ ವೇದಾಂತಸಾರದಲ್ಲಿ ಇವು ಗ್ರಂಥಾರಂಭದಲ್ಲಿಯೇ ಬರುತ್ತವೆ. ಅಲ್ಲಿ ಮೊದಲನೆಯ ಸ್ಥಾನ ಅಧಿಕಾರಿಗೆ. ನಮ್ಮ ಮನೆಗಳಲ್ಲಿ ಈಗ ವಿಚಾರವು ನಾಲ್ಕನೆಯದರಿಂದ ಹೊರಟು ನಾಲ್ಕನೆಯದರಲ್ಲಿಯೇ ಮುಗಿಯುತ್ತದೆ. ‘ಅಧಿಕಾರಿ’ ಎಂಬ ಶಬ್ದಕ್ಕೂ ನಾವು ಬೇರೆ ಅರ್ಥವನ್ನೇ ಕಟ್ಟಿದ್ದೇವೆ. ಮಗ ಅಧಿಕಾರಿಯಾಗಬೇಕೆಂದು ಬಯಸದ ತಂದೆಯಿಲ್ಲ. ಮಗ ಯಾವುದಕ್ಕೆ ಅಧಿಕಾರಿ ಎಂದು ಕೇಳುವ ತಂದೆ ಅಪರೂಪ.

ಹಾಗೆಂದು ಪ್ರಯೋಜನದ ಪ್ರಶ್ನೆಯನ್ನು ಹೀನವೆಂದು ತಳ್ಳಿಹಾಕುವಂತಿಲ್ಲ. ವ್ಯಾಕರಣವೆಂಬ ಶುಷ್ಕ ಶಾಸ್ತ್ರಕ್ಕೂ ಪ್ರಯೋಜನವನ್ನು ಹೇಳಲೇಬೇಕೆಂದು ಪತಂಜಲಿ ಮಹರ್ಷಿಯೇ ಮಹಾಭಾಷ್ಯದ ಆದಿಯಲ್ಲಿ ಐದು ಪ್ರಯೋಜನಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಒಂದು ಊಹ. ಒಂದು ಕರ್ಮಕ್ಕಾಗಿ ಹೇಳಿದ ಮಂತ್ರವನ್ನು ಮತ್ತೊಂದು ಕರ್ಮದಲ್ಲಿ ಪ್ರಯೋಗಿಸಬೇಕಾದಾಗ, ಅದರ ಲಿಂಗ ವಿಭಕ್ತಿಗಳನ್ನು ಸಂದರ್ಭಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳುವ ಸಾಮರ್ಥ್ಯಕ್ಕೆ ಆ ಹೆಸರು. ಮಂತ್ರವನ್ನು ಬಾಯಿಪಾಠ ಮಾಡಿದವನಿಗೆ ಅದು ಸಾಧ್ಯವಿಲ್ಲ. ಭಾಷೆಯ ಕಟ್ಟನ್ನು ತಿಳಿದವನಿಗೆ ಸಾಧ್ಯ. ಕಲಾ ವ್ಯಾಸಂಗದ ಪ್ರಯೋಜನವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಮಾತು ನನಗೆ ತಿಳಿಯದು. ಕಲಿತದ್ದನ್ನು ಕಲಿಯದ ಸಂದರ್ಭಕ್ಕೆ ಹೊಂದಿಸಬಲ್ಲ ಬುದ್ಧಿಯೇ ಅದರ ಫಲ. ಇಂದು ಕಲಿತ ಕಸಬು ಹತ್ತು ವರ್ಷಗಳಲ್ಲಿ ಹಳೆಯದಾಗುವ ಈ ಕಾಲದಲ್ಲಿ ಅದು ಅಲ್ಪ ಫಲವಲ್ಲ. ಆದರೆ ಅದು ನಿಧಾನವಾಗಿ ಬರುವ ಫಲ, ಮೊದಲ ತಿಂಗಳ ಸಂಬಳದ ಚೀಟಿಯಲ್ಲಿ ಕಾಣುವಂಥದಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಲಿಬರಲ್ ಆರ್ಟ್ಸ್ ಎಂಬ ಹೆಸರು ಬಂದಿರುವುದೇ ಸ್ವತಂತ್ರ ಪುರುಷನಿಗೆ ಒಪ್ಪುವ ವಿದ್ಯೆಗಳೆಂಬ ಅರ್ಥದ ಲ್ಯಾಟಿನ್ ಮಾತಿನಿಂದ. ಆ ಸ್ವತಂತ್ರನ ಹೊಲವನ್ನು ಉತ್ತವರು, ಮನೆಯನ್ನು ಗುಡಿಸಿದವರು ದಾಸರು. ಇದು ಹೊಟ್ಟೆ ತುಂಬಿದವರ ವಿದ್ಯೆ, ನಮ್ಮಂಥವರಿಗೇಕೆ ಎಂದು ನನ್ನ ಶಿಷ್ಯರು ಕೇಳಿದರೆ ತಪ್ಪೇನು? ತಪ್ಪಿಲ್ಲ. ಆದರೆ ಮೈಸೂರಿನ ಚರಿತ್ರೆ ಬೇರೊಂದು ಮಾತನ್ನೂ ಹೇಳುತ್ತದೆ. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ಶಾಲೆಯೇ ಬೆಳೆದು ಮಹಾರಾಜಾ ಕಾಲೇಜಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದಕ್ಕೆ ಆಧಾರವಾದ ಎರಡು ಕಾಲೇಜುಗಳಲ್ಲಿ ಅದೊಂದು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಮತ್ತೊಂದು. ವಾರಾನ್ನದ ಮನೆಗಳಲ್ಲಿ ಉಂಡು, ಬೀದಿಯ ದೀಪದಲ್ಲಿ ಓದಿದ ಹುಡುಗರೂ ಈ ಊರಿನಲ್ಲಿ ಕಲಾ ಪದವೀಧರರಾದರು. ಸ್ವತಂತ್ರನಿಗೆ ಮಾತ್ರ ವಿದ್ಯೆಯೆಂಬುದು ಹಳೆಯ ಮಾತು. ವಿದ್ಯೆಯಿಂದ ಸ್ವತಂತ್ರನಾಗುವುದು ಇವರು ತೋರಿಸಿದ ದಾರಿ. ಸಾಲದ ವಿಷಯದಲ್ಲಿ ಮಾತ್ರ ಎಚ್ಚರವಿರಬೇಕು. ಈಚೆಗೆ 2010ರಲ್ಲಿ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, 2014ರಲ್ಲಿ ಹರಿಯಾಣದ ಅಶೋಕ ವಿಶ್ವವಿದ್ಯಾಲಯ ಮೊದಲಾದ ಖಾಸಗಿ ಸಂಸ್ಥೆಗಳು ಈ ಬಗೆಯ ವ್ಯಾಸಂಗಕ್ಕೆಂದು ತಲೆಯೆತ್ತಿವೆ. ಅಂತಹ ಕಡೆ ಓದಬಯಸುವವರು ವಿದ್ಯಾರ್ಥಿವೇತನ ಎಷ್ಟು, ಕೈಯಿಂದ ಕೊಡಬೇಕಾದುದೆಷ್ಟು ಎಂದು ಮೊದಲು ಕೇಳಿ ತಿಳಿಯಬೇಕು. ಸ್ವಾತಂತ್ರ್ಯದ ವಿದ್ಯೆಯನ್ನು ಕಲಿಯಲು ಹೋಗಿ ಹತ್ತು ವರ್ಷ ಸಾಲಗಾರನಿಗೆ ದಾಸನಾಗುವುದು ವಿಪರೀತವಲ್ಲವೆ?

ಇನ್ನು ವಿಷಯ. ಕಲೆ ಎಂದರೆ ಕಥೆ ಕಾದಂಬರಿ, ಲೆಕ್ಕ ಬಾರದವರ ಆಶ್ರಯ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಪಾಶ್ಚಾತ್ಯರು ಮಧ್ಯಯುಗದಲ್ಲಿ ಎಣಿಸಿದ ಏಳು ವಿದ್ಯೆಗಳಲ್ಲಿ ವ್ಯಾಕರಣ, ತರ್ಕ, ವಾಗ್ಮಿತೆಗಳು ಮೂರು. ಅಂಕಗಣಿತ, ರೇಖಾಗಣಿತ, ಸಂಗೀತ, ಜ್ಯೋತಿಷಗಳು ನಾಲ್ಕು. ನಮ್ಮ ವ್ಯಾಕರಣ, ನ್ಯಾಯ, ಅಲಂಕಾರಗಳನ್ನು ಮೊದಲಿನ ಮೂರರ ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಹೀಗಿರಲು ಗಣಿತವಿಲ್ಲದ ಕಲೆಯೂ ಭಾಷೆಯಿಲ್ಲದ ವಿಜ್ಞಾನವೂ ಈಚಿನ ವಿಭಾಗಗಳೇ ಹೊರತು ವಿದ್ಯೆಯ ಸ್ವಭಾವವಲ್ಲ. ಆದರೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ರುಚಿ ನೋಡುವುದರಲ್ಲಿಯೂ ಅಪಾಯವುಂಟು. ಛಾಂದೋಗ್ಯೋಪನಿಷತ್ತಿನಲ್ಲಿ ನಾರದನು ಸನತ್ಕುಮಾರನ ಬಳಿಗೆ ಬಂದು ತಾನು ಓದಿದ ವಿದ್ಯೆಗಳ ದೀರ್ಘವಾದ ಪಟ್ಟಿಯನ್ನು ಒಪ್ಪಿಸಿ, ಇಷ್ಟಾದರೂ ತನ್ನ ಶೋಕ ಹೋಗಲಿಲ್ಲವೆನ್ನುತ್ತಾನೆ. ಪಟ್ಟಿ ಉದ್ದವಾದ ಮಾತ್ರಕ್ಕೆ ವಿದ್ಯೆ ಆಳವಾಗುವುದಿಲ್ಲ. ಒಂದು ವಿಷಯದಲ್ಲಾದರೂ ತಳ ಮುಟ್ಟುವವರೆಗೆ ಇಳಿಸುವ ಏರ್ಪಾಡು ಕಾಲೇಜಿನಲ್ಲಿದೆಯೆ ಎಂದು ಕೇಳತಕ್ಕದ್ದು. ಎಷ್ಟು ವರ್ಷದ ಪದವಿ ಎಂಬುದು ಅದರ ಮುಂದೆ ಸಣ್ಣ ಪ್ರಶ್ನೆ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿಯ ಕ್ರಮ ಬಂದಿತು. 2024ರಲ್ಲಿ ಮತ್ತೆ ಮೂರು ವರ್ಷದ ಕ್ರಮಕ್ಕೆ ಮರಳಿದ್ದಾಯಿತು. ಕ್ರಮಗಳು ಹೀಗೆ ಬಂದು ಹೋಗುತ್ತಿರುತ್ತವೆ.

ಮೂರನೆಯದು ಸಂಬಂಧ. ಶಾಸ್ತ್ರದಲ್ಲಿ ಇದು ಗ್ರಂಥಕ್ಕೂ ವಿಷಯಕ್ಕೂ ಇರುವ ಸಂಬಂಧ. ಆ ಮಾತನ್ನು ತುಸು ಹಿಗ್ಗಿಸಿ ಗುರುಶಿಷ್ಯರ ಸಂಬಂಧಕ್ಕೆ ನಾನು ಅನ್ವಯಿಸಿಕೊಳ್ಳುತ್ತೇನೆ. ಕಾಲೇಜು ಸಣ್ಣದಾಗಿರಬೇಕೆಂದು ಯಾರಾದರೂ ಬಯಸಿದರೆ ಕಾರಣ ಇದೊಂದೇ ಇರಬೇಕು. ಅಮೆರಿಕದಲ್ಲಿ 1821ರ ಆಮ್‌ಹರ್ಸ್ಟ್, 1864ರ ಸ್ವಾರ್ಥ್‌ಮೋರ್ ಮುಂತಾದ ಕಾಲೇಜುಗಳು ಧನಬಲವಿದ್ದೂ ಇಂದಿಗೂ ಎರಡು ಸಾವಿರದ ಆಸುಪಾಸಿನಲ್ಲಿಯೇ ವಿದ್ಯಾರ್ಥಿಗಳ ಸಂಖ್ಯೆಯನ್ನು ಹಿಡಿದಿಟ್ಟುಕೊಂಡಿರುವುದು ಇದಕ್ಕಾಗಿಯೇ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಡಾ. ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿ ಕಲ್ಕತ್ತೆಗೆ ಹೊರಟಾಗ, ಶಿಷ್ಯರೇ ಗಾಡಿಯನ್ನು ಎಳೆದು ಅವರನ್ನು ರೈಲ್ವೆ ನಿಲ್ದಾಣಕ್ಕೆ ಕರೆದೊಯ್ದ ಕಥೆ ಈ ಊರಿನಲ್ಲಿ ಎಲ್ಲರಿಗೂ ತಿಳಿದದ್ದು. ಪ್ರೊ. ಹಿರಿಯಣ್ಣನವರು 1932ರಲ್ಲಿ ಪ್ರಕಟಿಸಿದ ಭಾರತೀಯ ತತ್ತ್ವಶಾಸ್ತ್ರದ ಇಂಗ್ಲಿಷ್ ಗ್ರಂಥ ಇಂದಿಗೂ ದೇಶವಿದೇಶಗಳಲ್ಲಿ ಪಠ್ಯ. ಇಲ್ಲಿಯ ತರಗತಿಗಳಲ್ಲಿ ವರ್ಷವರ್ಷವೂ ಹೇಳಿದ ಪಾಠವೇ ಅದರ ಮೂಲ. ಟಿ.ಎಸ್. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಅನಂತರ ಹೊರಬಂದ ಶ್ರೀರಾಮಾಯಣ ದರ್ಶನವನ್ನು ಶಿಷ್ಯರಾದ ಕುವೆಂಪು ಅವರು ಅರ್ಪಿಸಿದ್ದು ಆ ಗುರುವಿಗೆ. ಕಟ್ಟಡಕ್ಕೆ ಯಾರೂ ಕಾವ್ಯವನ್ನು ಅರ್ಪಿಸುವುದಿಲ್ಲ.

ಆದರೆ ಸಣ್ಣತನವೇ ಒಂದು ಗುಣವೆಂದು ಭ್ರಮಿಸಬಾರದು. ಸಣ್ಣ ಕಾಲೇಜಿನಲ್ಲಿ ಒಂದು ವಿಷಯಕ್ಕೆ ಒಬ್ಬರೇ ಉಪಾಧ್ಯಾಯರು. ಅವರು ಸಮರ್ಥರಾದರೆ ಅದು ಗುರುಕುಲ. ಅಸಮರ್ಥರಾದರೆ ಮೂರು ವರ್ಷ ತಪ್ಪಿಸಿಕೊಳ್ಳಲು ಬಾಗಿಲಿಲ್ಲ. ದೊಡ್ಡ ಸಂಸ್ಥೆಯಲ್ಲಿ ಒಬ್ಬರ ಪಾಠ ರುಚಿಸದಿದ್ದರೆ ಇನ್ನೊಬ್ಬರುಂಟು, ದೊಡ್ಡ ಪುಸ್ತಕ ಭಂಡಾರವುಂಟು, ನಾಲ್ಕು ಬಗೆಯ ಸಹಪಾಠಿಗಳುಂಟು. ಆದುದರಿಂದ ಕೇಳಬೇಕಾದ ಪ್ರಶ್ನೆಗಳು ಸ್ಥೂಲವಾದವಲ್ಲ, ಸೂಕ್ಷ್ಮವಾದವು. ವಿದ್ಯಾರ್ಥಿ ಬರೆದುಕೊಟ್ಟ ಪ್ರಬಂಧ ತಿದ್ದುಪಡಿಯೊಡನೆ ಹಿಂದಿರುಗುತ್ತದೆಯೆ? ಪುಸ್ತಕಗಳು ಬೀರುವಿನಲ್ಲಿ ಬೀಗದೊಳಗಿವೆಯೋ, ಹುಡುಗರ ಕೈಯಲ್ಲಿವೆಯೋ? ಪ್ರಶ್ನೆ ಕೇಳಿದವನನ್ನು ಉಪಾಧ್ಯಾಯರು ಮೆಚ್ಚುತ್ತಾರೆಯೋ, ಕುಳ್ಳಿರಿಸುತ್ತಾರೆಯೋ?

ಕೊನೆಗೆ ಅಧಿಕಾರಿ. ಇವೆಲ್ಲವೂ ಸರಿಯಾಗಿದ್ದರೂ ಓದುವವನಿಗೆ ಅದು ಹೊಂದದಿದ್ದರೆ ವ್ಯರ್ಥ. ಈ ವಿಷಯದಲ್ಲಿ ಮೈಸೂರಿನದೇ ಒಂದು ನಿದರ್ಶನವುಂಟು. 1929ರಲ್ಲಿ ಇಲ್ಲಿ ಹುಟ್ಟಿ ಮರಿಮಲ್ಲಪ್ಪ ಪ್ರೌಢಶಾಲೆಯಲ್ಲಿ ಓದಿದ ಎ.ಕೆ. ರಾಮಾನುಜನ್ ಅವರು ಮಹಾರಾಜಾ ಕಾಲೇಜಿನಲ್ಲಿ ಮೊದಲ ವರ್ಷ ವಿಜ್ಞಾನವನ್ನು ತೆಗೆದುಕೊಂಡಿದ್ದರು. ಅವರ ತಂದೆ ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕರು. ಮಗನ ಬುದ್ಧಿ ಗಣಿತದ ಕಡೆಗೆ ಹರಿಯುವಂಥದಲ್ಲವೆಂದು ಕಂಡುಕೊಂಡು, ಅವನನ್ನು ಇಂಗ್ಲಿಷ್ ಸಾಹಿತ್ಯಕ್ಕೆ ತಿರುಗಿಸಿದವರು ಆ ಗಣಿತಜ್ಞ ತಂದೆಯೇ. ಆ ಮಗ ಮುಂದೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿ, ಶಿವಶರಣರ ವಚನಗಳನ್ನು 1973ರಲ್ಲಿ ಇಂಗ್ಲಿಷಿನಲ್ಲಿ ಲೋಕದ ಮುಂದಿಟ್ಟದ್ದು ಎಲ್ಲರಿಗೂ ತಿಳಿದಿದೆ. ನನ್ನನ್ನು ಬೆರಗುಗೊಳಿಸುವುದು ಮಗನ ಕೀರ್ತಿಯಲ್ಲ. ಎಲ್ಲ ಕಲಾ ವಿದ್ಯಾರ್ಥಿಗಳೂ ರಾಮಾನುಜನ್ ಆಗುವುದಿಲ್ಲ. ತಾನು ಪ್ರೀತಿಸಿದ ಶಾಸ್ತ್ರಕ್ಕೆ ತನ್ನ ಮಗ ಅಧಿಕಾರಿಯಲ್ಲವೆಂದು ನೋಡಬಲ್ಲ, ನೋಡಿ ಕೋಪಿಸಿಕೊಳ್ಳದಿರಬಲ್ಲ ತಂದೆಯ ಕಣ್ಣು ನನಗೆ ದೊಡ್ಡದಾಗಿ ಕಾಣುತ್ತದೆ.

ನ್ಯಾಯವಾಗಿ ಹೇಳಬೇಕಾದರೆ ಈ ಪರೀಕ್ಷೆ ಎರಡು ಕಡೆಗೂ ಸಲ್ಲಬೇಕು. ಲೆಕ್ಕಕ್ಕೆ ಹೆದರಿ ಕಲೆಯ ಕಡೆಗೆ ಓಡಿಬರುವವನೂ ಅಧಿಕಾರಿಯಲ್ಲ. ಯಂತ್ರವನ್ನು ಬಿಚ್ಚಿ ಜೋಡಿಸುವುದರಲ್ಲಿ ಹಗಲು ರಾತ್ರಿಗಳನ್ನು ಮರೆಯುವ ಹುಡುಗನನ್ನು ಸಂಸ್ಕಾರದ ಹೆಸರಿನಲ್ಲಿ ಇತಿಹಾಸಕ್ಕೆ ಸೇರಿಸುವುದೂ ಅಷ್ಟೇ ಅನ್ಯಾಯ. ಪರೀಕ್ಷೆಯಿಲ್ಲದ ದಿನ, ಯಾರೂ ನೋಡದಿರುವಾಗ, ಮಗು ಯಾವುದರ ಹತ್ತಿರ ಹೋಗಿ ಕುಳಿತುಕೊಳ್ಳುತ್ತದೆ ಎಂಬುದನ್ನು ಗಮನಿಸಿದರೆ ಅಧಿಕಾರದ ಸುಳಿವು ಸಿಕ್ಕೀತು. ಆ ಸುಳಿವು ಅಂಕಪಟ್ಟಿಯಲ್ಲಿರುವುದಿಲ್ಲ.

ನಾಲ್ಕು ದಿನಗಳ ಮೇಲೆ ತಂದೆ ಮಗಳು ಮತ್ತೆ ಬಂದರು. ನಾನು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. “ಇಬ್ಬರೂ ಒಂದು ದಿನ ಆ ಕಾಲೇಜಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ಬನ್ನಿ. ಅಪ್ಪ ಲೆಕ್ಕ ಕೇಳಲಿ, ಮಗಳು ಪಾಠ ಕೇಳಲಿ” ಎಂದೆ. ಪ್ರಾಂಶುಪಾಲರ ಅನುಮತಿ ಪಡೆದು ಹಾಗೆಯೇ ಮಾಡಿದರು. ಅವರು ತಂದ ವರದಿ ಮಿಶ್ರವಾಗಿತ್ತು. ತತ್ತ್ವಶಾಸ್ತ್ರ ಫಲಕದ ಮೇಲೆ ಮಾತ್ರ ಇದೆ. ಅತಿಥಿ ಉಪನ್ಯಾಸಕರೊಬ್ಬರು ವಾರಕ್ಕೆರಡು ಸಲ ಬಂದುಹೋಗುತ್ತಾರೆ. ಇತಿಹಾಸದ ಉಪಾಧ್ಯಾಯಿನಿಯಾದರೋ, ರೈಸ್ ಸಾಹೇಬರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟವೊಂದನ್ನು ಮೇಜಿನ ಮೇಲೆ ತೆರೆದಿಟ್ಟು, ಒಂದು ದಾನಶಾಸನವನ್ನು ಓದಿಸಿ, ದಾನ ಕೊಟ್ಟವನ ಹೆಸರಿದೆ, ಆ ಭೂಮಿಯನ್ನು ಉಳುತ್ತಿದ್ದವನ ಹೆಸರೇಕಿಲ್ಲ ಎಂದು ಕೇಳಿದರಂತೆ. ಹುಡುಗಿ ತಾನು ಅತಿಥಿಯೆಂಬುದನ್ನು ಮರೆತು ಉತ್ತರ ಹೇಳಿದಳಂತೆ. ಇದನ್ನು ನನಗೆ ಹೇಳಿದವರು ತಂದೆ. ಹೇಳುವಾಗ ಅವರ ಧ್ವನಿ ಬದಲಾಗಿತ್ತು.

ಹುಡುಗಿ ಇತಿಹಾಸಕ್ಕೂ ಸಂಸ್ಕೃತಕ್ಕೂ ಸೇರಿದ್ದಾಳೆ. ತಂದೆಗೆ ಇನ್ನೂ ನಿದ್ರೆ ಸರಿಯಾಗಿ ಬರುತ್ತಿಲ್ಲವೆಂದು ಕೇಳಿದೆ. ಅದು ತಂದೆಯ ಧರ್ಮ, ಅವರನ್ನು ನಗಲಾರೆ. ನನ್ನ ಮಾತು ಸರಿಯಾಯಿತೋ ತಪ್ಪಾಯಿತೋ ಮೂರು ವರ್ಷ ಕಳೆಯದೆ ತಿಳಿಯುವಂತಿಲ್ಲ. ಕಾಲೇಜಿನಲ್ಲಿ ದೊರೆಯದ ಶಾಸ್ತ್ರಕ್ಕಾಗಿ ಆಕೆ ಭಾನುವಾರದ ಸಂಜೆ ನಮ್ಮ ಮನೆಗೆ ಬರುತ್ತಾಳೆ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಆರಂಭಿಸಿದ್ದೇವೆ. ‘ಮನೆಯಲ್ಲಿ ಓದಿಕೊಳ್ಳಬಹುದು’ ಎಂದು ಹಿಂದೊಮ್ಮೆ ಸುಲಭವಾಗಿ ಹೇಳಿ ಕೈತೊಳೆದುಕೊಂಡವನು, ಜೊತೆಯಲ್ಲಿ ಕುಳಿತು ಓದಿಸಿ ಆ ಸಾಲವನ್ನು ಸ್ವಲ್ಪಮಟ್ಟಿಗಾದರೂ ತೀರಿಸಬೇಕಾಗಿದೆ.