ಕಲಶದ ನೀರು ಮತ್ತು ಕಾಳಿಯನ ಮಡು



ಪ್ರತಿನಿತ್ಯ ದೇವರ ಪೂಜೆಗೆ ಕುಳಿತಾಗ ಕಲಶಕ್ಕೆ ನೀರು ತುಂಬಿ, ಅದರಲ್ಲಿ ಗಂಗಾದಿ ನದಿಗಳ ಸನ್ನಿಧಾನವನ್ನು ಪ್ರಾರ್ಥಿಸುತ್ತೇವೆ. ಆದರೆ ಆ ನೀರು ಯಾವ ನದಿಯದೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ಉಡುಪಿ, ರಾಯಚೂರು, ಧಾರವಾಡ, ವಿಜಯಪುರಗಳಿಂದ ಉದರನಿಮಿತ್ತವಾಗಿ ಬಂದು ಡೊಂಬಿವಲಿಯಲ್ಲಿ ನೆಲೆಸಿದ ನಮಗೆ ತುಂಗಭದ್ರೆ, ಕೃಷ್ಣೆಯರ ಸ್ಮರಣೆ ತಪ್ಪದು. ನಿತ್ಯವೂ ನಮಗೆ ನೀರುಣಿಸುವ ಉಲ್ಹಾಸ ನದಿಯ ಸ್ಮರಣೆ ಮಾತ್ರ ಬಾರದು.

ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ ಬರುವ ಕಾಳಿಯಮರ್ದನದ ಕಥೆಯನ್ನು ನಾವೆಲ್ಲ ಬಲ್ಲೆವು. ಬೇಸಿಗೆಯ ತಾಪದಿಂದ ಬಾಯಾರಿದ ಗೋವುಗಳೂ ಗೋಪಬಾಲಕರೂ ಯಮುನೆಯ ನೀರು ಕುಡಿದು ಪ್ರಾಣರಹಿತರಾಗಿ ಬಿದ್ದರು. ಸ್ವಾಮಿ ತನ್ನ ಅಮೃತದೃಷ್ಟಿಯಿಂದ ಅವರನ್ನು ಬದುಕಿಸಿದನು. ಆದರೆ ಅಷ್ಟಕ್ಕೇ ಸುಮ್ಮನಾಗಲಿಲ್ಲ. ನದಿ ಕೆಟ್ಟಿರುವುದನ್ನು ಕಂಡು, ಅದರ ಶುದ್ಧಿಯನ್ನು ಬಯಸಿ ಮಡುವಿಗೆ ಧುಮುಕಿದನೆಂದು ಭಾಗವತವು ತಿಳಿಸುತ್ತದೆ. ರೋಗಿಯನ್ನು ಗುಣಪಡಿಸುವುದು ಒಂದು ಕಾರ್ಯ, ರೋಗದ ಮೂಲವನ್ನು ತೆಗೆಯುವುದು ಇನ್ನೊಂದು. ಭಗವಂತನು ಎರಡನ್ನೂ ಮಾಡಿ ತೋರಿಸಿದನು.

ಅಪಾಯವನ್ನು ಅಳೆಯುವ ವಿಜ್ಞಾನಿಗಳು ಮೂರು ಪ್ರಶ್ನೆ ಕೇಳುತ್ತಾರೆ: ವಿಷ ಯಾವುದು? ಯಾವ ಹಾದಿಯಲ್ಲಿ ಬರುತ್ತದೆ? ಯಾರ ದೇಹವನ್ನು ಸೇರುತ್ತದೆ? ಗೋಕುಲದಲ್ಲಿ ಮೂರಕ್ಕೂ ಉತ್ತರ ಕಣ್ಣೆದುರೇ ಇತ್ತು. ನಮ್ಮಲ್ಲಿ ಹಾಗಿಲ್ಲ. ಸಹ್ಯಾದ್ರಿಯಲ್ಲಿ ಹುಟ್ಟಿ ಕರ್ಜತ್, ಬದ್ಲಾಪುರಗಳನ್ನು ಹಾದು ಬರುವ ಉಲ್ಹಾಸಕ್ಕೆ ಪಟ್ಟಣಗಳ ಚರಂಡಿಯೂ ಕಾರ್ಖಾನೆಗಳ ತ್ಯಾಜ್ಯವೂ ಸೇರುತ್ತವೆ. ಅಂಬರನಾಥದಲ್ಲಿ 1060ರ ಶಾಸನವುಳ್ಳ ಶಿವಾಲಯದ ಪಕ್ಕದಲ್ಲಿ ಹರಿಯುವ ವಾಲಧುನಿ ನದಿ ಇಂದು ನಾಲೆಯಂತಾಗಿದೆ. 2014ರಲ್ಲಿ ಈ ನದಿಗೆ ಯಾರೋ ಸುರಿದ ರಾಸಾಯನಿಕದ ವಿಷವಾಯುವಿನಿಂದ ಉಲ್ಹಾಸನಗರದ ನೂರಾರು ಮಂದಿ ಆಸ್ಪತ್ರೆ ಸೇರಿದರು. ಅದೇ ವರ್ಷದ ಜನವರಿಯಲ್ಲಿ ಡೊಂಬಿವಲಿಯಲ್ಲಿ ಹಸಿರು ಮಳೆ ಬಿದ್ದಿತು, 2020ರಲ್ಲಿ ಎಂ.ಐ.ಡಿ.ಸಿ. ಪ್ರದೇಶದ ರಸ್ತೆ ಗುಲಾಬಿ ಬಣ್ಣ ತಾಳಿತು. ವನಶಕ್ತಿ ಸಂಸ್ಥೆಯ ಅರ್ಜಿಯ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ಈ ಎರಡು ನದಿಗಳ ಮಾಲಿನ್ಯಕ್ಕಾಗಿ ಸ್ಥಳೀಯ ಸಂಸ್ಥೆಗಳಿಗೂ ತ್ಯಾಜ್ಯಜಲ ಶುದ್ಧೀಕರಣ ಘಟಕಗಳಿಗೂ ದಂಡ ವಿಧಿಸಿತು.

ಬಣ್ಣವಿದ್ದ ವಿಷ ಕಣ್ಣಿಗೆ ಬೀಳುತ್ತದೆ, ಬಣ್ಣವಿಲ್ಲದ್ದು ಬೀಳುವುದಿಲ್ಲ. "ನಾವು ಮಡಿಯಲ್ಲಿ ನೀರು ಹಿಡಿದು ಕಾಯಿಸಿಯೇ ಕುಡಿಯುತ್ತೇವೆ" ಎಂದು ತಾಯಂದಿರು ಹೇಳುವುದುಂಟು. ಕಾಯಿಸಿದರೆ ರೋಗಾಣುಗಳು ಸಾಯುತ್ತವೆ, ಒಳ್ಳೆಯದೇ. ಆದರೆ ನೀರಿನಲ್ಲಿ ಕರಗಿದ ಸೀಸ, ಪಾದರಸಗಳು ಕುದಿಸುವುದರಿಂದ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅವುಗಳ ಪ್ರಮಾಣ ಹೆಚ್ಚುತ್ತದೆ. ದ್ವಾದಶಿಯ ಪಾರಣೆಗೆ ತರುವ ಸೊಪ್ಪು ಚರಂಡಿಯ ನೀರಿನಲ್ಲಿ ಬೆಳೆದಿದ್ದರೆ, ವಿಷ ಬರುವ ಇನ್ನೊಂದು ಹಾದಿ ಅದು. ಬಿಂದಿಗೆಯನ್ನು ಮಡಿಯಾಗಿಡಬಹುದು; ನದಿಯನ್ನು ಬಿಟ್ಟು ಬಿಂದಿಗೆ ಒಂದೇ ಮಡಿಯಾಗದು.

ಸರ್ವವೂ ಹರಿಯ ಅಧೀನವಲ್ಲವೇ, ನಾವೇನು ಮಾಡಬಲ್ಲೆವು ಎಂದು ಕೆಲವರು ಕೇಳುತ್ತಾರೆ. ಹರಿಯು ಸ್ವತಂತ್ರ ಕರ್ತೃ ಎಂಬುದು ಸತ್ಯ. ಆದರೆ ಜೀವನಿಗೂ ಅವನ ಅಧೀನವಾದ ಕರ್ತೃತ್ವವುಂಟೆಂಬುದು ನಮ್ಮ ಸಿದ್ಧಾಂತ. ಇಲ್ಲವಾದರೆ ವಿಧಿನಿಷೇಧಗಳಿಗೆ ಅರ್ಥವೇ ಇರುತ್ತಿರಲಿಲ್ಲ. ನೀರಿನಲ್ಲಿ ಮಲಮೂತ್ರವನ್ನಾಗಲಿ ಉಗುಳನ್ನಾಗಲಿ ವಿಷವನ್ನಾಗಲಿ ಹಾಕಬಾರದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ನಿಷೇಧಿಸಿದೆ. ಆ ನಿಷೇಧ ನಮಗಾಗಿಯೇ ಇದೆ.

ಕಳೆದ ಪಕ್ಷಮಾಸದಲ್ಲಿ ಪಿಂಡವಿಸರ್ಜನೆಗೆಂದು ಖಾಡಿಯ ದಡಕ್ಕೆ ಹೋದಾಗ ನೀರು ಕಪ್ಪಾಗಿತ್ತು, ದುರ್ಗಂಧ ತಡೆಯಲಾಗಲಿಲ್ಲ. ಮೂಗು ಮುಚ್ಚಿಕೊಂಡು ಕಾರ್ಖಾನೆಯವರನ್ನು ಬೈದೆವು. ಮರುಕ್ಷಣವೇ ಪ್ಲಾಸ್ಟಿಕ್ ಚೀಲದೊಂದಿಗೆ ವಾರದ ನಿರ್ಮಾಲ್ಯವನ್ನೂ ಅದೇ ನೀರಿಗೆ ಎಸೆದೆವು. ಮನೆಗೆ ಬಂದ ಮೇಲೆ ಅದು ನಮ್ಮನ್ನು ಚುಚ್ಚಿತು.

ಕಾರ್ಖಾನೆಗಳು ಮುಚ್ಚಲಿ ಎಂದು ನಾವು ಹೇಳುವುದಿಲ್ಲ. ನಮ್ಮ ಮನೆಗಳಲ್ಲೇ ಎಷ್ಟೋ ಮಂದಿ ಅಲ್ಲಿ ಅನ್ನ ಕಂಡಿದ್ದಾರೆ. ನಾಗಪತ್ನಿಯರ ಮೊರೆ ಕೇಳಿ ಶ್ರೀಕೃಷ್ಣನು ಕಾಳಿಯನನ್ನು ಕೊಲ್ಲಲಿಲ್ಲ. ಯಮುನೆಯನ್ನು ಬಿಡಿಸಿ ಸಮುದ್ರದ ರಮಣಕದ್ವೀಪಕ್ಕೆ ಕಳುಹಿದನು. ಆದರೆ ವಿಷವನ್ನು ಸಮುದ್ರಕ್ಕೆ ಕಳುಹುವ ಅಧಿಕಾರ ನಮಗಿಲ್ಲ. ಖಾಡಿಯ ದಡದಲ್ಲಿ ಮೀನನ್ನೇ ನಂಬಿದ ಕೋಳಿ, ಆಗ್ರಿ ಜನರಿದ್ದಾರೆ. ಆದುದರಿಂದ ವಿಷವನ್ನು ಹುಟ್ಟಿದಲ್ಲೇ ತಡೆಯಬೇಕು. ಅಲ್ಲಿ ಕೆಲಸ ಮಾಡುವ ನಮ್ಮ ಬಂಧುಗಳು ಶುದ್ಧೀಕರಿಸದ ನೀರು ರಾತ್ರಿ ಹೊರಹೋಗುವುದನ್ನು ಕಂಡೂ ಸುಮ್ಮನಿದ್ದರೆ, ಆ ಮೌನವೂ ಕರ್ಮವೇ.

ನಿರ್ಮಾಲ್ಯವನ್ನು ಯಾರೂ ತುಳಿಯದ ಗಿಡದ ಬುಡಕ್ಕೆ ಹಾಕೋಣ. ನಲ್ಲಿಯ ನೀರು ವಾಸನೆ ಬಂದ ದಿನ ಸೊಸೈಟಿಯವರೊಡನೆ ಸೇರಿ ಮಹಾನಗರಪಾಲಿಕೆಗೆ ಬರೆದು, ಪರೀಕ್ಷೆಯ ವರದಿ ಕೇಳೋಣ. ನಾಳೆ ಕಲಶಕ್ಕೆ ನೀರು ತುಂಬುವಾಗ ಗಂಗೆಯೊಡನೆ ಉಲ್ಹಾಸವನ್ನೂ ಸ್ಮರಿಸೋಣ. ಜಲಾಂತರ್ಗತನಾದ ಶ್ರೀಹರಿಯು ಅದನ್ನು ಕಾಯುವ ಬುದ್ಧಿಯನ್ನು ನಮಗೆ ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು.